ಬೆಲ್ 407 ನೆಟ್ಟಗೆ ಮೇಲೇಳ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಅನ್ನೋ ಕಂಪ್ಯೂಟರ್ ಆಟದಲ್ಲಿ ಬೆಲ್ 407 ಹೆಲಿಕಾಪ್ಟರ್ ಕಲಿಯುತ್ತಿದ್ದೇನೆ. ವಿಮಾನ ಆರಾಮಾಗಿ ಹಾರಿಸುತ್ತೇನೆ, ಇದು ಮಾತ್ರ ಕೈಗೆ ಬಗ್ಗುತ್ತಿಲ್ಲ.

ಕಲೆಕ್ಟಿವ್ (ಮೇಲೆ-ಕೆಳಗೆ ಒಯ್ಯುವ ಸನ್ನೆ) ನಿಧಾನವಾಗಿಯೇ ಎತ್ತುತ್ತೇನೆ. ಸ್ಕಿಡ್ (ನೆಲಕ್ಕೆ ಊರುವ ಕಾಲು) ಹಗುರಾಗುವವರೆಗೂ ಸರಿ. ನೆಲ ಬಿಟ್ಟ ಕೂಡಲೇ ಮೂಗು ಬಲಕ್ಕೆ ತಿರುಗುತ್ತದೆ. ತಲೆ ಮೇಲಿನ ರೋಟರ್ (ತಿರುಗುವ ರೆಕ್ಕೆ) ಮೇಲಿಂದ ನೋಡಿದರೆ ಗಡಿಯಾರದ ವಿರುದ್ಧ ದಿಕ್ಕಿಗೆ ಸುತ್ತುತ್ತದಲ್ವಾ, ಎಡ ಪೆಡಲ್ ಕೊಡಬೇಕು ಅಂತ ಗೊತ್ತು. ಕೊಟ್ಟರೆ ಬಾಲದ ರೋಟರ್ ಇಡೀ ಹೆಲಿಕಾಪ್ಟರನ್ನೇ ಬಲಕ್ಕೆ ತಳ್ಳುತ್ತದೆ. ಅದಕ್ಕೆ ಸೈಕ್ಲಿಕ್ (ಹೆಲಿಕಾಪ್ಟರನ್ನು ಅತ್ತಿತ್ತ ವಾಲಿಸುವ ಕೋಲು) ಚೂರು ಎಡಕ್ಕೆ ಹಿಡಿದರೆ ಶುರು ನೋಡಿ: ಆ ಕಡೆ ಈ ಕಡೆ ಓಲಾಡಿ, ಕೊನೆಗೆ ಪಲ್ಟಿ.

ನನ್ನದು ಸಾದಾ ಜಾಯ್‌ಸ್ಟಿಕ್. ಹಿಡಿ ತಿರುಚಿದರೆ ಅದೇ ಪೆಡಲ್. ಸ್ಪ್ರಿಂಗ್ ಜಾಸ್ತಿ ಬಿಗಿ, ನಡುವಿನಿಂದ ಕೂದಲೆಳೆಯಷ್ಟು ಸರಿಸೋಣ ಅಂದ್ರೆ ಗಕ್ಕನೆ ಜಿಗಿಯುತ್ತದೆ. ಸೆನ್ಸಿಟಿವಿಟಿ ಎಷ್ಟಿಡಬೇಕು? ಸ್ಪ್ರಿಂಗ್ ಸಡಿಲ ಮಾಡಿಕೊಂಡವರು ಇದ್ದೀರಾ? ಪೆಡಲ್ ಕೊಳ್ಳಲೇಬೇಕಾ?

ಗೆಳೆಯನೊಬ್ಬ ಕ್ಯಾಬ್ರಿ ಜಿ2 ಅನ್ನೋ ಇನ್ನೊಂದು ಹೆಲಿಕಾಪ್ಟರ್‌ನಲ್ಲಿ ಕಲಿ ಅಂತಾನೆ. ಅದರ ರೋಟರ್ ಸುತ್ತೋದೇ ಉಲ್ಟಾ, ಬಲ ಪೆಡಲ್ ಬೇಕು. ಅಲ್ಲಿ ಕಲಿತು ಇಲ್ಲಿಗೆ ಬಂದರೆ ಕೈ ಗೊಂದಲಕ್ಕೆ ಬೀಳಲ್ವಾ?

ಅಸಿಸ್ಟ್ (ಆಟವೇ ನಿಯಂತ್ರಣಕ್ಕೆ ನೆರವಾಗುವ ಸೆಟ್ಟಿಂಗ್) ಆನ್ ಮಾಡು ಅಂತ ಮಾತ್ರ ಹೇಳಬೇಡಿ. ಅದು ಸುಮ್ನೆ ಲಿಫ್ಟ್‌ನಲ್ಲಿ ಹೋದ ಹಾಗಿರುತ್ತೆ.