ಜರ್ಮನಿಯಿಂದ ನೆದರ್‌ಲ್ಯಾಂಡ್ಸ್‌ಗೆ ಸೆಕೆಂಡ್ ಹ್ಯಾಂಡ್ ಕಾರು: ನಿಜಕ್ಕೂ ದುಡ್ಡು ಉಳಿಯುತ್ತಾ?

ಪ್ರಶ್ನೆ (ದಾರಿಹೋಕ)
ವಾಸ ನೆದರ್‌ಲ್ಯಾಂಡ್ಸ್‌ನಲ್ಲಿ. ನಾಲ್ಕು ವರ್ಷ ಹಳೆಯ ಪೆಟ್ರೋಲ್ ಕಾರು ಬೇಕು. ಅದೇ ಮಾಡೆಲ್, ಹೆಚ್ಚುಕಮ್ಮಿ ಅಷ್ಟೇ ಓಡಿದ ಕಾರು ಗಡಿಯಾಚೆ ಜರ್ಮನಿಯಲ್ಲಿ ಸಾವಿರಾರು ಯೂರೋ ಅಗ್ಗ. ಮಧ್ಯೆ ಕಸ್ಟಮ್ಸ್ ಇಲ್ಲ, ಕರೆನ್ಸಿಯೂ ಒಂದೇ. ಮತ್ತೆ ಇಷ್ಟು ವ್ಯತ್ಯಾಸ ಯಾಕೆ? ವ್ಯಾಟ್ ಎರಡು ಸಲ ಕಟ್ಟಬೇಕಾ?

ಚಕ್ರಧಾರಿ
ಆ ವ್ಯತ್ಯಾಸದ ಬಹುಪಾಲು ಬಿಪಿಎಂ ತೆರಿಗೆ. ಡಚ್ ನಂಬರ್ ಪ್ಲೇಟ್ ಸಿಗಬೇಕಾದರೆ ಕಾರು ಉಗುಳುವ ಇಂಗಾಲದ ಡೈಆಕ್ಸೈಡ್‌ಗೆ ತಕ್ಕಂತೆ ಒಮ್ಮೆ ಇದನ್ನು ಕಟ್ಟಲೇಬೇಕು. ಜರ್ಮನಿಯಲ್ಲಿ ಇಂಥ ನೋಂದಣಿ ತೆರಿಗೆ ಇಲ್ಲ, ವರ್ಷ ವರ್ಷ ಕಟ್ಟುವ ವಾಹನ ತೆರಿಗೆ ಮಾತ್ರ. ಹಾಗಾಗಿ ಅಲ್ಲಿನ ಜಾಹೀರಾತಿನ ಬೆಲೆಯನ್ನು ಇಲ್ಲಿನದಕ್ಕೆ ನೇರವಾಗಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಹಳೆಯ ಕಾರಿಗೆ ಪೂರ್ತಿ ಬಿಪಿಎಂ ಇಲ್ಲ, ಸವಕಳಿ ಕಳೆದು ಉಳಿದಷ್ಟು. ಅಂಥದೇ ಕಾರು ದೇಶದೊಳಗೆ ಮಾರಾಟವಾದಾಗ ಅದರ ಬೆಲೆಯಲ್ಲಿ ಎಷ್ಟು ತೆರಿಗೆ ಉಳಿದಿರುತ್ತದೋ ಅದಕ್ಕಿಂತ ಹೆಚ್ಚನ್ನು ಹೊರಗಿನಿಂದ ಬಂದ ಕಾರಿನ ಮೇಲೆ ಹೇರುವಂತಿಲ್ಲ. ಡೆನ್ಮಾರ್ಕ್ ವಿರುದ್ಧದ ಮೊಕದ್ದಮೆಯಲ್ಲಿ ಯುರೋಪಿಯನ್ ನ್ಯಾಯಾಲಯ 1990ರಲ್ಲೇ ಈ ವಿಷಯದಲ್ಲಿ ತೀರ್ಪು ಕೊಟ್ಟಿದೆ.

ಸವಕಳಿ ಲೆಕ್ಕಕ್ಕೆ ಮೂರು ದಾರಿ: ವಯಸ್ಸಿನ ಮೇಲೆ ಸರ್ಕಾರದ ಕೋಷ್ಟಕ, ಮಾರುಕಟ್ಟೆಯ ಬೆಲೆಪಟ್ಟಿ, ಇಲ್ಲವೇ ಮೌಲ್ಯಮಾಪಕರ ವರದಿ. ಕೋಷ್ಟಕ ಸುಲಭ, ಆದರೆ ಬಹಳ ಸಲ ತೆರಿಗೆ ಜಾಸ್ತಿ ಬರುತ್ತದೆ. ಹೆಚ್ಚು ಓಡಿದ ಕಾರಿಗೆ ಬೆಲೆಪಟ್ಟಿಯೇ ವಾಸಿ. ಮೌಲ್ಯಮಾಪನ ವರದಿ ನಡೆಯುವುದು ಮಾಮೂಲಿ ಸವೆತಕ್ಕಿಂತ ಹೆಚ್ಚು ಹಾನಿಯಾದ ಕಾರಿಗೆ ಅಥವಾ ಪಟ್ಟಿಯಲ್ಲೇ ಇಲ್ಲದ ಕಾರಿಗೆ. ಗೀರು ತೋರಿಸಿ ತೆರಿಗೆ ಇಳಿಸಲು ಹೋದರೆ ತೆರಿಗೆ ಇಲಾಖೆ ಕಾರನ್ನು ಮರುತಪಾಸಣೆಗೆ ಕರೆಸಬಹುದು. ಇನ್ನೊಂದು: ಇಂದಿನ ದರವೇ ಆಗಬೇಕೆಂದಿಲ್ಲ, ಕಾರು ಮೊದಲು ರಸ್ತೆಗಿಳಿದಾಗಿನ ದರ ಕಡಿಮೆಯಿದ್ದರೆ ಅದನ್ನೇ ಕೇಳಬಹುದು. ಎರಡನ್ನೂ ಹಾಕಿ ನೋಡಿ.

ವ್ಯಾಟ್ ಎರಡು ಸಲ ಇಲ್ಲ. ನೋಂದಣಿಯಾಗಿ 6 ತಿಂಗಳು ದಾಟಿರಬೇಕು, 6,000 ಕಿ.ಮೀ.ಗಿಂತ ಹೆಚ್ಚು ಓಡಿರಬೇಕು. ಎರಡೂ ಆಗಿದ್ದರೆ ಅದು ಹಳೆಯ ಕಾರು, ವ್ಯಾಟ್ ಜರ್ಮನಿಯಲ್ಲೇ ಮುಗಿಯುತ್ತದೆ. ಒಂದು ತಪ್ಪಿದರೂ ತೆರಿಗೆ ಲೆಕ್ಕದಲ್ಲಿ ಅದು ಹೊಸ ಕಾರು, ಇಲ್ಲಿ 21% ಕಟ್ಟಬೇಕು. ಜಾಹೀರಾತಿನಲ್ಲಿ ‘ನೆಟ್ಟೊ’, ಅಂದರೆ ವ್ಯಾಟ್ ಬಿಟ್ಟು, ಎಂದು ಕಾಣುವ ಬೆಲೆ ವ್ಯಾಟ್ ನಂಬರ್ ಇರುವ ಕಂಪನಿಗಳಿಗೆ. ನಮ್ಮಂಥವರಿಗೆ ಅದು ಸಿಗಲ್ಲ.

ನಾಲ್ಕನೇ ಗೇರ್
ಮೇಲಿನ ಲೆಕ್ಕ ಇಂಗಾಲದ ಡೈಆಕ್ಸೈಡ್‌ನ ಒಂದೊಂದು ಗ್ರಾಂ ಮೇಲೆ ನಿಂತಿದೆ, ಅದನ್ನು ಯಾರೂ ಗಮನಿಸಲ್ಲ. ಕಾರಿನ ಅನುರೂಪತಾ ಪತ್ರದ (ತಯಾರಕರು ಕೊಡುವ ಸಿಒಸಿ ಕಾಗದ) 49ನೇ ಅಂಶದಲ್ಲಿ, ಜರ್ಮನ್ ನೋಂದಣಿ ಪತ್ರದ ಭಾಗ 1ರ ವಿ.7 ಕಲಂನಲ್ಲಿ ಕಿ.ಮೀ.ಗೆ ಎಷ್ಟು ಗ್ರಾಂ ಎಂದು ಇರುತ್ತದೆ. ಹೊಗೆ, ಇಂಧನ ಬಳಕೆ ಅಳೆಯುವ ಹೊಸ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯಲ್ಲಿ ಆಯಾ ಕಾರಿನ ಫಿಟ್ಟಿಂಗ್‌ಗಳೂ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಅದೇ ಎಂಜಿನ್, ಅದೇ ವರ್ಷ ಆದರೂ ದೊಡ್ಡ ಚಕ್ರ, ಪನೋರಮಾ ಛಾವಣಿ ಇದ್ದ ಕಾರಿಗೆ ಕೆಲವು ಗ್ರಾಂ ಜಾಸ್ತಿ. ಬಿಪಿಎಂನ ಮೇಲಿನ ಹಂತಗಳಲ್ಲಿ ಒಂದು ಗ್ರಾಂಗೇ ನೂರಾರು ಯೂರೋ. ಮಾರುವವರಿಂದ ಈ ಎರಡು ಕಾಗದದ ಫೋಟೋ ಮೊದಲೇ ತರಿಸಿಕೊಳ್ಳಿ. ಕಳಿಸಲ್ಲ ಅಂದರೆ ಆ ಕಾರು ಬಿಟ್ಟುಬಿಡಿ.

ಕೈಗೆ ಬರಬೇಕಾದ್ದು: ನೋಂದಣಿ ಪತ್ರದ ಭಾಗ 1, ಭಾಗ 2 ಎರಡೂ ಮೂಲಪ್ರತಿ, ಅನುರೂಪತಾ ಪತ್ರ, ಕೊನೆಯ ತಾಂತ್ರಿಕ ತಪಾಸಣೆಯ ವರದಿ, ಸಹಿಯಾದ ಕರಾರು. ಭಾಗ 2 ಬ್ಯಾಂಕಿನಲ್ಲಿದೆ, ಆಮೇಲೆ ಅಂಚೆಯಲ್ಲಿ ಕಳಿಸ್ತೀವಿ ಅಂದರೆ ಸಾಲ ತೀರಿಲ್ಲ ಎಂದೇ ತಿಳಿಯಿರಿ. ದುಡ್ಡು ಕೊಡಬೇಡಿ.

ಕರಾರನ್ನು ಸಾಲು ಸಾಲಾಗಿ ಓದಿ. ಕೆಲವು ಡೀಲರ್‌ಗಳು ಖರೀದಿದಾರನನ್ನು ‘ಹೆಂಡ್ಲರ್’, ಅಂದರೆ ವ್ಯಾಪಾರಿ ಎಂದು ಬರೆಸುತ್ತಾರೆ. ಸಹಿ ಹಾಕಿದರೆ ಗ್ರಾಹಕರಿಗೆ ಕಾನೂನು ಕೊಟ್ಟ ದೋಷ ಖಾತರಿ ಕೈತಪ್ಪುತ್ತದೆ.

ದಾರಿಹೋಕ
ತುಂಬಾ ಉಪಯೋಗವಾಯ್ತು. ಕೊಂಡ ಕಾರನ್ನು ಓಡಿಸಿಕೊಂಡೇ ಬರಬಹುದಾ?

ಚಕ್ರಧಾರಿ
ಬರಬಹುದು. ಅಲ್ಲಿ ರಫ್ತು ಪ್ಲೇಟ್ ಮಾಡಿಸಿ, ಬಲಬದಿಯಲ್ಲಿ ಕೆಂಪು ಪಟ್ಟಿಯಲ್ಲಿ ಅವಧಿ ಮುಗಿಯುವ ದಿನಾಂಕ ಇರುತ್ತದೆ, ವಿಮೆ ಜೊತೆಗೇ ಮಾಡಿಸಬೇಕು. ಹಳದಿ ಪಟ್ಟಿಯ 5 ದಿನದ ಪ್ಲೇಟ್ ಅಗ್ಗ, ಆದರೆ ಜರ್ಮನಿಯ ಹೊರಗೆ ಎಲ್ಲ ಕಡೆ ಮಾನ್ಯವಲ್ಲ. ಅದನ್ನು ನಂಬಿ ಗಡಿ ದಾಟಬೇಡಿ.

ಜನ ಎಡವುವುದು ಗಡಿಯ ಈಚೆ. ಇಲ್ಲಿನ ನಿವಾಸಿ ಬಿಪಿಎಂ ಕಟ್ಟದ ವಿದೇಶಿ ಪ್ಲೇಟಿನ ಕಾರನ್ನು ಡಚ್ ರಸ್ತೆಯಲ್ಲಿ ಓಡಿಸಿ ಸಿಕ್ಕಿಬಿದ್ದರೆ ತೆರಿಗೆ, ದಂಡ ಎರಡೂ. ಹೊರಡುವ ಮೊದಲೇ ತೆರಿಗೆ ಇಲಾಖೆಯಿಂದ ಎರಡು ವಾರದ ವಿನಾಯಿತಿ ಪಡೆಯಿರಿ. ಆ ಅವಧಿಯೊಳಗೇ ಬೀಳುವಂತೆ ಆರ್‌ಡಿಡಬ್ಲ್ಯು (ಡಚ್ ವಾಹನ ನೋಂದಣಿ ಸಂಸ್ಥೆ) ತಪಾಸಣೆಯ ದಿನ ಕಾಯ್ದಿರಿಸಿ. ತಪಾಸಣೆಯಲ್ಲಿ ಚಾಸಿಸ್ ಸಂಖ್ಯೆ ಕಾಗದಕ್ಕೆ ತಾಳೆಯಾಗಬೇಕು. ಆಮೇಲೆ ಬಿಪಿಎಂ ಘೋಷಣೆ, ಪಾವತಿ, ಹೆಸರಿಗೆ ನೋಂದಣಿ, ಕೊನೆಗೆ ಪ್ಲೇಟ್. ಕಾರು ನಿಮ್ಮ ಹೆಸರಿಗೆ ಬಂದ ದಿನದಿಂದಲೇ ಡಚ್ ವಿಮೆ ಜಾರಿಯಲ್ಲಿರಬೇಕು.

ಗಡಿಯಾಚೆ
ನೆದರ್‌ಲ್ಯಾಂಡ್ಸ್‌ಗೆ ಇನ್ನೂ ಬರಬೇಕಾದವರು ಇದನ್ನು ಓದುತ್ತಿದ್ದರೆ: ಹೊರದೇಶದಲ್ಲಿ ಕನಿಷ್ಠ 12 ತಿಂಗಳು ವಾಸವಿದ್ದು, ವಲಸೆಗೆ ಮೊದಲು ಕನಿಷ್ಠ 6 ತಿಂಗಳು ಕಾರು ನಿಮ್ಮದೇ ಆಗಿದ್ದು ಓಡಿಸಿದ್ದರೆ ಬಿಪಿಎಂ ಪೂರ್ತಿ ಮಾಫಿ ಕೇಳಬಹುದು. ಆಮೇಲೆ 12 ತಿಂಗಳು ಅದನ್ನು ಮಾರುವಂತಿಲ್ಲ.

ಪ್ರಶ್ನೆ ಕೇಳಿದವರಿಗೆ: ಮಾಮೂಲಿ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗೆ ಇಷ್ಟೆಲ್ಲ ಓಡಾಡುವುದು ವ್ಯರ್ಥ. ಪ್ಲೇಟ್, ತಪಾಸಣೆ, ಪ್ರಯಾಣದಲ್ಲೇ ಲಾಭ ಕರಗುತ್ತದೆ. ಟೋ ಹುಕ್, ಆಟೋಮ್ಯಾಟಿಕ್ ಗೇರ್ ಅಂತ ಇಲ್ಲಿ ಅಪರೂಪದ ಜೋಡಣೆ ಬೇಕಿದ್ದರೆ ಮಾತ್ರ ಜರ್ಮನಿಯ ದೊಡ್ಡ ಮಾರುಕಟ್ಟೆಯಲ್ಲಿ ಹುಡುಕಿ. ಮುಂದೆ ಮಾರುವಾಗಲೂ ಒಂದು ತೊಡಕಿದೆ: ಹೊರಗಿನಿಂದ ಬಂದ ಕಾರಿನ ಓಡೋಮೀಟರ್‌ಗೆ ಆರ್‌ಡಿಡಬ್ಲ್ಯು ಸಾಮಾನ್ಯವಾಗಿ ‘ತೀರ್ಪಿಲ್ಲ’, ಅಂದರೆ ಸರಿಯೋ ತಪ್ಪೋ ಹೇಳಲಾಗದು, ಎಂದೇ ತೋರಿಸುತ್ತದೆ. ಜರ್ಮನ್ ಸರ್ವೀಸ್ ಬಿಲ್, ತಪಾಸಣೆ ವರದಿಗಳನ್ನೆಲ್ಲ ಎತ್ತಿಡಿ. ಕಿಲೋಮೀಟರ್‌ಗೆ ನಿಮ್ಮ ಬಳಿ ಇರುವ ಸಾಕ್ಷಿ ಅಷ್ಟೇ.