ಸಹಾಯ ಬೇಕು: ಚೌಕ ಕೋಣೆಯಲ್ಲಿ ಗುಂಯ್‌ಗುಡುವ ತಗ್ಗು ಸ್ವರಗಳು

ಗುಂಪಿನ ಅನುಭವಿಗಳಿಗೆ ನಮಸ್ಕಾರ. ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಮನೆಯ ಮಹಡಿಯಲ್ಲಿ 12 ಅಡಿ ಉದ್ದ, 12 ಅಡಿ ಅಗಲದ ಕೋಣೆಯೊಂದನ್ನು ಸಂಗೀತ ಕೇಳುವುದಕ್ಕೆಂದೇ ಮೀಸಲಿಟ್ಟಿದ್ದೇನೆ. ಉದ್ದ ಮತ್ತು ಅಗಲ ಸಮವಾಗಿರುವುದರಿಂದ ಎರಡೂ ದಿಕ್ಕಿನ ಅನುರಣನಗಳು (ಗೋಡೆಗಳ ನಡುವೆ ಕೆಲವು ಸ್ವರಗಳು ಪುಟಿದು ಬಲಗೊಳ್ಳುವುದು) ಸುಮಾರು 47 ಹರ್ಟ್ಸ್‌ನಲ್ಲಿಯೂ ಅದರ ಇಮ್ಮಡಿಯಲ್ಲಿಯೂ ಒಂದರ ಮೇಲೊಂದು ಸೇರಿಕೊಂಡು, ಮೃದಂಗದ ಎಡಮುಖದ ನಾದವು ಹಿಂಗೋಡೆಯ ಬಳಿ ಕುಳಿತರೆ ಗುಂಯ್‌ಗುಡುತ್ತದೆ. ನಟ್ಟನಡುವೆ ಕುಳಿತರೆ ತೀರಾ ತಗ್ಗಿನ ಸ್ವರಗಳು ಮಾಯವಾಗುತ್ತವೆ. ಹತ್ತಿಯ ಊರಲ್ಲವೇ ಎಂದು 4 ಅಂಗುಲ ದಪ್ಪದ ಹತ್ತಿ ಹಾಸಿಗೆಗಳನ್ನು ಮೂಲೆಗಳಲ್ಲಿ ನಿಲ್ಲಿಸಿ ನೋಡಿದೆ. ಚಪ್ಪಾಳೆಯ ಪ್ರತಿಧ್ವನಿ ತಗ್ಗಿತು, ಆದರೆ 7 ಮೀಟರ್‌ಗೂ ಮಿಗಿಲಾದ ಅಲೆಗೆ ಹಾಸಿಗೆ ಯಾವ ಲೆಕ್ಕ!

ಇನ್ನೊಂದು ತೊಡಕು ಲ್ಯಾಪ್‌ಟಾಪಿನದು. ಸಿಡಿಯಿಂದ ಇಳಿಸಿಕೊಂಡ 44.1 ಕಿಲೋಹರ್ಟ್ಸ್ ಮಾದರಿ ದರದ (ಸೆಕೆಂಡಿಗೆ 44,100 ಧ್ವನಿ ಮಾದರಿಗಳ) ಫ್ಲ್ಯಾಕ್, ಅಂದರೆ ಗುಣಮಟ್ಟ ಕೆಡದಂತೆ ಕುಗ್ಗಿಸಿದ, ಕಡತಗಳನ್ನು ನುಡಿಸಿದರೂ ಯುಎಸ್‌ಬಿ ಡ್ಯಾಕ್‌ನ (ಡಿಜಿಟಲ್ ಸಂಕೇತವನ್ನು ಧ್ವನಿ ಸಂಕೇತವಾಗಿಸುವ ಪೆಟ್ಟಿಗೆಯ) ಪರದೆ 48 ಎಂದೇ ತೋರಿಸುತ್ತದೆ. ವಿಂಡೋಸ್‌ನಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ (ವಿಂಡೋಸ್‌ನ ಮಿಕ್ಸರ್ ದಾಟಿ ಡ್ಯಾಕ್‌ಗೆ ನೇರವಾಗಿ ಕಳುಹಿಸುವ ವಿಧಾನ) ಆಯ್ಕೆ ಮಾಡಿದರೆ ಅಂಕಿ ಸರಿಹೋಗುತ್ತದೆ, ಆದರೆ ನಡುನಡುವೆ ಟಕ್ ಎಂಬ ಸದ್ದು ಕೇಳುತ್ತದೆ. ಬಫರ್ (ನುಡಿಸುವ ಮೊದಲು ದತ್ತಾಂಶ ಕೂಡಿಡುವ ಜಾಗ) ಹೆಚ್ಚಿಸಿದರೆ ಸಾಕೇ? ಕೋಣೆಗೆ ಪ್ಲೈವುಡ್ಡಿನ ಬಾಸ್ ಟ್ರ್ಯಾಪ್ (ತಗ್ಗು ಸ್ವರಗಳನ್ನು ಹೀರುವ ಸಾಧನ) ಮಾಡಿಸಬೇಕೇ, ಅಥವಾ ಮೊದಲು ಸ್ಪೀಕರುಗಳ ಜಾಗ ಬದಲಿಸಿ ಮೈಕಿನಿಂದ ಅಳೆಯಬೇಕೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.