ಸಹಾಯ ಬೇಕು: 21 ತಿಂಗಳ ಮಗಳೊಂದಿಗೆ ಧಾರವಾಡದಿಂದ ದೆಹಲಿಗೆ

ಎಲ್ಲರಿಗೂ ನಮಸ್ಕಾರ. ನನ್ನ ಪತಿಗೆ ದೆಹಲಿಗೆ ವರ್ಗವಾಗಿರುವುದರಿಂದ ಡಿಸೆಂಬರ್ ಎರಡನೆಯ ವಾರದಲ್ಲಿ ನಾವು ಧಾರವಾಡದ ಮನೆಯನ್ನು ಖಾಲಿ ಮಾಡಬೇಕಾಗಿದ್ದು, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ದೂರದ ಊರಿಗೆ ಸಂಸಾರ ಸಾಗಿಸಿದವರ ಸಲಹೆಯನ್ನು ಕೋರುತ್ತಿದ್ದೇನೆ.

ನಾನು ಪೆಟ್ಟಿಗೆಗೆ ತುಂಬಿದ ಪಾತ್ರೆಗಳನ್ನು ಮಗಳು ಒಂದೊಂದಾಗಿ ಹೊರತೆಗೆದು ಅಜ್ಜಿಯ ಮುಂದೆ ಸಾಲಾಗಿ ಇಡುತ್ತಾಳೆ. ಒಗ್ಗರಣೆ ಸೌಟು ಮೂರು ದಿನಗಳಿಂದ ಪತ್ತೆಯಿಲ್ಲ. ಅದು ಹೋಗಲಿ, ನಿಜವಾದ ಚಿಂತೆ ನಿದ್ರೆಯದು. ಅವಳು ಮಲಗುವುದು ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ, ಅದೂ ನಮ್ಮ ಅತ್ತೆಯವರು ತೂಗಿದರೆ ಮಾತ್ರ. ದೆಹಲಿಯ ಬಾಡಿಗೆ ಮನೆಯಲ್ಲಿ ಜೋಲಿ ಕಟ್ಟಲು ಕೊಂಡಿಯಿಲ್ಲ, ಅತ್ತೆಯವರೂ ನಮ್ಮೊಂದಿಗೆ ಬರುತ್ತಿಲ್ಲ. ಅವರ ಹಳೆಯ ಸೀರೆಗಳಿಂದ ಹೊಲಿದ ಕೌದಿಯ ಮೇಲೆ ಈಗಿನಿಂದಲೇ ಮಲಗಿಸಿ ರೂಢಿ ಮಾಡಿಸಬೇಕೆ, ಅಥವಾ ಹೊರಡುವವರೆಗೆ ಜೋಲಿಯನ್ನು ಬಿಡಿಸದಿರುವುದೇ ಒಳಿತೆ?

ರೈಲಿನಲ್ಲಿ ಪ್ರತ್ಯೇಕ ಬರ್ತ್ ಬೇಡವೆಂದರೆ ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲವೆಂಬುದು ತಿಳಿದಿದೆ. ಆದರೂ ಒಂದೂವರೆ ದಿನದ ಪ್ರಯಾಣದಲ್ಲಿ ಮಗುವಿನ ಊಟಕ್ಕೆ ಕೆಡದಂತಹ ಏನನ್ನು ಒಯ್ದಿರಿ ಎಂಬುದನ್ನು ದಯವಿಟ್ಟು ತಿಳಿಸಿ. ನಮ್ಮವಳು ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ಬಿಟ್ಟರೆ ಬೇರೆಯದಕ್ಕೆ ಬಾಯಿ ತೆರೆಯುವುದು ಕಡಿಮೆ.

ಇನ್ನೊಂದು ವಿಷಯ. 16ರಿಂದ 24 ತಿಂಗಳೊಳಗೆ ಹಾಕಿಸಬೇಕಾದ ಡಿಪಿಟಿ ಬೂಸ್ಟರ್ ಜ್ವರದ ಕಾರಣ ಬಾಕಿ ಉಳಿದಿದೆ. ಅದನ್ನು ಇಲ್ಲಿಯೇ ಮುಗಿಸುವ ಯೋಚನೆಯಿದೆ. ಒಂದು ವೇಳೆ ಆಗದಿದ್ದರೆ, ಕನ್ನಡದಲ್ಲಿ ಬರೆದ ತಾಯಿ ಕಾರ್ಡ್ ತೋರಿಸಿ ದೆಹಲಿಯಲ್ಲಿ ಲಸಿಕೆ ಹಾಕಿಸಿದವರು ಯಾರಾದರೂ ಇದ್ದೀರಾ?